ಓದುಗರ ಪ್ರಶ್ನೆ: ಡೆಂಗಿ ಸರ್ವೆಯಲ್ಲಿ ಕೇಳುವುದೆಷ್ಟು, ಕಣ್ಣಾರೆ ನೋಡುವುದೆಷ್ಟು?

ಪ್ರಶ್ನೆ: ಡೆಂಗಿ ಬಗ್ಗೆ ಜನರಿಗೆ ಏನು ಗೊತ್ತು, ಏನನ್ನಿಸುತ್ತದೆ, ಏನು ಮಾಡುತ್ತಾರೆ ಎಂದು ನಮ್ಮ ಎನ್ನೆಸ್ಸೆಸ್ ಘಟಕದಿಂದ ಒಂದು ಪಂಚಾಯತ್‌ನಲ್ಲಿ ಸರ್ವೆ ಮಾಡಬೇಕೆಂದಿದ್ದೇವೆ. ಒಟ್ಟು 1,800 ಮನೆ, ನಮ್ಮಲ್ಲಿರುವುದು 20 ವಿದ್ಯಾರ್ಥಿಗಳು. ಎಷ್ಟು ಮನೆ ಸಾಕು?
– ಉಪನ್ಯಾಸಕಿ, ಕಾರ್ಕಳ

ಉತ್ತರ: 350 ಇಟ್ಟುಕೊಳ್ಳಿ. ಸರಿಯಾಗಿ ತಿಳಿದವರು ಎಷ್ಟಿರಬಹುದೆಂಬ ಅಂದಾಜು ಇಲ್ಲದಾಗ ಶೇ 50 ಎಂದು ಹಿಡಿಯುತ್ತಾರೆ. ಶೇ 95ರ ಖಚಿತತೆ, ಶೇ 5ರಷ್ಟು ಆಚೀಚೆ ಎಂದಾದರೆ 384 ಬರುತ್ತದೆ. ಇರುವುದೇ 1,800 ಮನೆಯಾದ್ದರಿಂದ ಅದು 317ಕ್ಕೆ ಇಳಿಯುತ್ತದೆ. ಸಿಗದವರು, ಒಲ್ಲೆನ್ನುವವರ ಲೆಕ್ಕಕ್ಕೆ ಇನ್ನು ಹತ್ತರಲ್ಲೊಂದು ಪಾಲು ಸೇರಿಸಿ. ಪಂಚಾಯತ್‌ನ ಮನೆ ಪಟ್ಟಿ ತರಿಸಿ, 1ರಿಂದ 5ರವರೆಗೆ ಚೀಟಿ ಎತ್ತಿ, ಬಂದ ನಂಬರಿನಿಂದ ಹಿಡಿದು ಪ್ರತಿ 5ನೆಯ ಮನೆಗೆ ಹೋಗಿ. ಇಬ್ಬಿಬ್ಬರ 10 ತಂಡ ದಿನಕ್ಕೆ 9 ಮನೆಯಂತೆ ಹೋದರೆ ನಾಲ್ಕು ದಿನದ ಕೆಲಸ. ಪಟ್ಟಿಯಿಲ್ಲದೆ ಹೊರಟರೆ ವಿದ್ಯಾರ್ಥಿಗಳು ಬಸ್ಸು ನಿಲ್ಲುವಲ್ಲಿಂದ ಕಾಣುವ ಮನೆಗಳನ್ನೇ ಮುಗಿಸಿ ಬರುತ್ತಾರೆ. ಅಡಿಕೆ ತೋಟದೊಳಗಿನ ಒಂಟಿ ಮನೆ ಬಿಟ್ಟೇಹೋಗುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು, ಬೀಗ ಹಾಕಿದ ಮನೆ. ಮನೆಯವರು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಎರಡು ಸಲ ಹೋಗಿಯೂ ಬಾಗಿಲು ತೆರೆಯದಿದ್ದರೆ ‘ಬೀಗ’ ಎಂದು ಬರೆದುಕೊಳ್ಳಿ, ಪಕ್ಕದ ಮನೆಗೆ ಜಾರಬೇಡಿ. ಅಂಗಳದ ಕುಂಡದಲ್ಲಿ ನೀರು ನಿಂತರೆ ಚೆಲ್ಲುವವರಿಲ್ಲದ ಮನೆ ಅದು, ಆ ಎಣಿಕೆಯೂ ಬೇಕು. ತೆರೆದ ಮನೆಗಳಿಗೆ ಹಗಲಲ್ಲಿ ಮಾತ್ರ ಹೋದರೆ ಸಿಗುವವರು ಹೆಂಗಸರು, ವಯಸ್ಸಾದವರು. ಅರ್ಧದಷ್ಟಾದರೂ ಭೇಟಿ ಸಂಜೆಗೆ ಅಥವಾ ಭಾನುವಾರಕ್ಕೆ ಇರಲಿ. 18 ದಾಟಿದವರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರನ್ನೇ ಕೇಳಿ. ಇಲ್ಲವಾದರೆ ಪ್ರತಿ ಮನೆಯಲ್ಲೂ ಮಾತುಗಾರರೇ ಮುಂದೆ ಬಂದು ಕೂರುತ್ತಾರೆ.

ಪ್ರಶ್ನೆ: ನಮ್ಮ ವಾರ್ಡಿನ ಸರ್ವೆಯಲ್ಲಿ ಹೆಚ್ಚಿನವರು ‘ವಾರಕ್ಕೊಮ್ಮೆ ನೀರು ಚೆಲ್ಲುತ್ತೇವೆ’ ಅಂದರು. ಅದೇ ಮನೆಗಳಲ್ಲಿ ಸೊಳ್ಳೆಯ ಲಾರ್ವಾ (ಮರಿಹುಳು) ಸಿಕ್ಕಿತು. ಜನ ಸುಳ್ಳು ಹೇಳುತ್ತಾರೆಯೇ?
– ಆರೋಗ್ಯ ಕಾರ್ಯಕರ್ತೆ, ಮಂಗಳೂರು

ಉತ್ತರ: ಸ್ವಲ್ಪ ಸುಳ್ಳು, ಬಹುಪಾಲು ಪ್ರಶ್ನೆಯದೇ ದೋಷ. ‘ನೀರು ಚೆಲ್ಲುತ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಅದರ ಮೇಲೆ 2024ರ ಸೆಪ್ಟೆಂಬರಿನ ನಿಯಮ ಬೇರೆ: ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ. ಕೈಯಲ್ಲಿ ಕಾಗದ ಹಿಡಿದು ಬಂದವರನ್ನು ಕಂಡರೆ ದಂಡ ಹಾಕುವವರೇ ಬಂದರು ಅನ್ನಿಸುವುದು ಸಹಜ. ಹೆಸರು ಬರೆಯುವುದಿಲ್ಲ, ದಂಡಕ್ಕೂ ನಮಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ.

ಪ್ರಶ್ನೆಯನ್ನೂ ತಿರುಗಿಸಿ. ಡ್ರಮ್ಮಿನ ಹತ್ತಿರ ನಿಂತು ‘ಇದನ್ನು ಕಳೆದ ಸಲ ಖಾಲಿ ಮಾಡಿ ಉಜ್ಜಿದ್ದು ಯಾವತ್ತು?’ ಎಂದು ಕೇಳಿ. ಉಜ್ಜಿದ್ದು ಎಂಬ ಮಾತು ಮುಖ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿನ ಗೋಡೆಗೆ; ನೀರು ಚೆಲ್ಲಿದರೂ ಅವು ಒಣಗಿಕೊಂಡು ತಿಂಗಳುಗಟ್ಟಲೆ ಉಳಿಯುತ್ತವೆ, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಹಾಗಾಗಿ ನಿಮ್ಮ ವಾರ್ಡಿನವರು ವಾರವಾರ ನೀರು ಚೆಲ್ಲಿದ್ದು ನಿಜವೇ ಇದ್ದರೂ ಲಾರ್ವಾ ಸಿಗಬಹುದು.

ಆಮೇಲೆ ಟಾರ್ಚ್ ಹಾಕಿ ನೋಡಿ. ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಟಯರು, ಟಾರ್ಪಾಲಿನ ಮಡಿಕೆ, ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರದ ಬಟ್ಟಲು, ಒಂದನ್ನೂ ಬಿಡಬೇಡಿ. ಲಾರ್ವಾ ನೀರಿನ ಮೇಲ್ಮೈಗೆ ಓರೆಯಾಗಿ ತೂಗಿಕೊಂಡಿದ್ದರೆ ಈಡಿಸ್ ಇರಬಹುದು, ಕ್ಯುಲೆಕ್ಸ್ ಎಂಬ ಬೇರೆ ಸೊಳ್ಳೆಯ ಲಾರ್ವಾವೂ ಹಾಗೆಯೇ ತೂಗುತ್ತದೆ; ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್. ಗುರುತಿಸುವ ಕೆಲಸವನ್ನು ಕೀಟತಜ್ಞರಿಗೆ ಬಿಡಿ. 100 ಮನೆ ನೋಡಿದಾಗ 12 ಮನೆಗಳ 18 ಪಾತ್ರೆಗಳಲ್ಲಿ ಈಡಿಸ್ ಸಿಕ್ಕಿದರೆ ಮನೆ ಸೂಚ್ಯಂಕ 12, ಬ್ರಿಟೋ ಸೂಚ್ಯಂಕ 18. ಜನರ ಬಾಯಿಮಾತಿನ ಅಂಕಿಯ ಪಕ್ಕದಲ್ಲೇ ಇವೆರಡನ್ನೂ ಬರೆಯಿರಿ.

ಮಂಗಳೂರಿನವರಿಗೆ ಮಲೇರಿಯಾ ಹಳೆಯ ನೆಂಟ, ಅದರ ಪಾಠ ಎಲ್ಲರಿಗೂ ಬಾಯಿಪಾಠ. ಅದೇ ಇಲ್ಲಿ ದಾರಿ ತಪ್ಪಿಸುತ್ತದೆ. ‘ರಾತ್ರಿ ಸೊಳ್ಳೆ ಪರದೆ ಕಟ್ಟುತ್ತೇವೆ’ ಎಂಬ ಉತ್ತರಕ್ಕೆ ಡೆಂಗಿ ಸರ್ವೆಯಲ್ಲಿ ಪೂರ್ತಿ ಅಂಕ ಕೊಡುವುದು ತಪ್ಪು. ಈಡಿಸ್ ಕಚ್ಚುವುದು ಹಗಲಲ್ಲಿ, ಬೆಳಿಗ್ಗೆ ಮತ್ತು ಮುಸ್ಸಂಜೆಗೆ ಮೊದಲು ಹೆಚ್ಚು. ಹಗಲಲ್ಲಿ ಮಲಗುವ ಮಗುವಿಗೋ ಜ್ವರ ಬಂದವರಿಗೋ ಪರದೆ ಕಟ್ಟುತ್ತಾರೆಯೇ ಎಂದು ಬೇರೆಯಾಗಿ ಕೇಳಿ.

ಪ್ರಶ್ನೆ: ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದೇವೆ. ಮನೆಯಲ್ಲಿ ನಿಂತು ತುಳುವಿಗೆ ಬದಲಾಯಿಸಿ ಕೇಳಿದರೆ ಆಗದೇ?
– ವೈದ್ಯಕೀಯ ವಿದ್ಯಾರ್ಥಿ, ಮಣಿಪಾಲ

ಉತ್ತರ: ಆಗದು. ಹತ್ತು ಮಂದಿ ಹತ್ತು ಬಗೆಯಲ್ಲಿ ಕೇಳಿದರೆ ಅಲ್ಲಿಗೆ ಹತ್ತು ಸರ್ವೆ. ತುಳು, ಕೊಂಕಣಿ, ಬ್ಯಾರಿ ಪಾಠಗಳನ್ನು ಮೊದಲೇ ಕನ್ನಡ ಲಿಪಿಯಲ್ಲಿ ಬರೆದಿಡಿ. ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ. ಸರ್ವೆಯ ಊರಲ್ಲದ ಕಡೆ 20–30 ಮಂದಿಯ ಮೇಲೆ ಪರೀಕ್ಷಿಸಿ.

‘ಡೆಂಗಿ ಹೇಗೆ ಬರುತ್ತದೆ?’ ಎಂದು ಮೊದಲು ಬರಿದಾಗಿ ಕೇಳಿ, ಉತ್ತರಗಳ ಪಟ್ಟಿ ಓದುವುದು ಆಮೇಲೆ. ಪಟ್ಟಿಯಲ್ಲಿ ಒಂದೆರಡು ತಪ್ಪು ಉತ್ತರವೂ ಇರಲಿ: ಕೊಳಚೆ ಚರಂಡಿಯ ಸೊಳ್ಳೆ, ರೋಗಿಯ ತಟ್ಟೆಯಲ್ಲಿ ಉಂಡದ್ದು. ಎಲ್ಲದಕ್ಕೂ ‘ಅಂದ್’ (ತುಳುವಿನಲ್ಲಿ ‘ಹೌದು’) ಎನ್ನುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ‘ಗೊತ್ತಿಲ್ಲ’ ಮತ್ತು ತಪ್ಪು ಉತ್ತರ ಎರಡಕ್ಕೂ ಸೊನ್ನೆಯೇ ಆದರೂ ಬೇರೆ ಬೇರೆ ಸಂಕೇತ ಕೊಡಿ. ಗೊತ್ತಿಲ್ಲದವರಿಗೆ ಹೇಳಿಕೊಡಬೇಕಾದದ್ದೇ ಬೇರೆ, ತಪ್ಪು ತಿಳಿದವರಿಗೆ ಬೇರೆ.

ಮತ್ತೆ ಸರ್ವೆ ಮಾಡಿ ಹೋಲಿಸುವ ಯೋಚನೆಯಿದ್ದರೆ ಅದೇ ತಿಂಗಳಿನಲ್ಲೇ ಮಾಡಿ. ಏಪ್ರಿಲಿನಲ್ಲಿ ನೀರು ಇರುವುದು ಡ್ರಮ್ಮಿನಲ್ಲಿ, ಜುಲೈಯಲ್ಲಿ ಅಂಗಳದ ತುಂಬಾ.