ಹದಿನಾಲ್ಕು ಮನೆಗೆ ಒಂದೇ ನೋಟೀಸು

ಪ್ರಶ್ನೆ: ಸರ್, ನಾವಿರುವುದು ಗೋಕುಲ ರೋಡಿನ ಆಚೆ ಒಂದು ಹೊಸ ಲೇಔಟಿನಲ್ಲಿ. ನನ್ನ ಗಂಡ ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಮುಚ್ಚಿತು, ಮನೆ ಸಾಲದ ನಾಲ್ಕು ಕಂತು ಕಟ್ಟಲು ಆಗಿಲ್ಲ. ಈಗ 60 ದಿನದೊಳಗೆ ಬಾಕಿ ಕಟ್ಟಿ, ಇಲ್ಲದಿದ್ದರೆ ಮನೆ ವಶಕ್ಕೆ ತಗೊಳ್ತೇವೆ ಅಂತ ನೋಟೀಸು ಬಂದಿದೆ. ವಿಚಾರಿಸಿದರೆ ನಮ್ಮ ಓಣಿಯಲ್ಲೇ ಹದಿನಾಲ್ಕು ಮನೆಗೆ ಬಂದಿದೆ, ಸಾಲ ಕೊಟ್ಟಿದ್ದೂ ಒಂದೇ ಬ್ಯಾಂಕು. ಎಲ್ಲರೂ ಸೇರಿ ಹೋಗೋಣ ಅಂತ ನಾನು. ಒಬ್ಬೊಬ್ಬರೇ ಹೋದರೆ ಮರ್ಯಾದೆ ಉಳಿಯುತ್ತೆ ಅಂತ ಅವರು. ಯಾರು ಸರಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ನೀವೇ ಸರಿ. ಆದರೆ ಮುಕ್ಕಾಲು ಪಾಲು ಮಾತ್ರ.

ನಾನು ಹದಿನೆಂಟು ವರ್ಷ ಬ್ಯಾಂಕೊಂದರ ವಸೂಲಿ ವಿಭಾಗದಲ್ಲಿದ್ದವನು. ಅಂದರೆ ನಿಮ್ಮಂಥವರಿಗೆ ಈ ನೋಟೀಸು ಕಳಿಸುತ್ತಿದ್ದವನೇ. ಒಬ್ಬರೇ ಬಂದರೆ ಏನು ಹೇಳುತ್ತಿದ್ದೆವು ಗೊತ್ತಾ? "ಮೇಲಕ್ಕೆ ಕಳಿಸಿದ್ದೇವೆ, ಮುಂದಿನ ವಾರ ಬನ್ನಿ." ಹೀಗೆ ಮುಂದಿನ ವಾರ ಮುಂದಿನ ವಾರ ಅನ್ನುತ್ತಲೇ 60 ದಿನ ಕಳೆದುಹೋಗುತ್ತಿತ್ತು. ಹದಿನಾಲ್ಕು ಮಂದಿ ಎದುರಿಗೆ ನಿಂತರೆ ಮ್ಯಾನೇಜರ್ ಹಾಗೆ ಸಾಗಹಾಕಲು ಆಗಲ್ಲ. ಇನ್ನೊಂದು, ಒಂದೇ ಓಣಿಯ ಹದಿನಾಲ್ಕು ಮನೆ ಒಟ್ಟಿಗೆ ಲಿಲಾವಿಗೆ ಬಂದರೆ ರೇಟು ಎಲ್ಲಿ ನಿಲ್ಲುತ್ತೆ? ಅದು ಅವರಿಗೂ ಬೇಡದ ತಲೆನೋವು.

ಒಮ್ಮೆ ಧಾರವಾಡದ ಕಡೆಯಿಂದ ಒಂಬತ್ತು ಮನೆಯವರು ಒಟ್ಟಿಗೆ ಬಂದಿದ್ದರು. ಕೂಗಾಟ ಇಲ್ಲ, ಏನಿಲ್ಲ. ಒಬ್ಬ ಅಜ್ಜನ ಕೈಯಲ್ಲಿ ಮಕ್ಕಳ ಎರಡು ಗೆರೆ ಕಾಪಿ. ಮನೆಗೊಂದು ಪುಟ: ದುಡಿಯುವವರು ಎಷ್ಟು, ಬರೋದು ಎಷ್ಟು, ಬಾಕಿ ಎಷ್ಟು, ಯಾವ ತಿಂಗಳಿಂದ ಎಷ್ಟು ಕಟ್ಟಬಹುದು. ಎಲ್ಲ ಪೆನ್ಸಿಲ್ಲಿನಲ್ಲಿ, "ಮಾತಾಡ್ತಾ ಮಾತಾಡ್ತಾ ತಿದ್ದಬೇಕಾಗ್ತದಲ್ರೀ" ಅಂದರು ಅಜ್ಜ. ನಮ್ಮ ಮ್ಯಾನೇಜರ್ ಒಂದೊಂದೇ ಪುಟ ತಿರುವಿ ನೋಡಿ ಚಹಾ ತರಿಸಿದ. ಆರು ಮನೆಯವರಿಗೆ ಅವಧಿ ಬೆಳೆಸಿ ಕಂತು ಇಳಿಸಿಕೊಟ್ಟೆವು. ಒಬ್ಬರು ತಾವೇ ಗಿರಾಕಿ ಹುಡುಕಿ ಮನೆ ಮಾರಿ ಸಾಲ ತೀರಿಸಿದರು, ಕೈಯಲ್ಲಿ ನಾಲ್ಕು ಕಾಸೂ ಉಳಿಯಿತು. ಇನ್ನಿಬ್ಬರ ಮನೆ ಹೋಯಿತು. ಅದರಲ್ಲಿ ಒಬ್ಬ ಬೇರೆ ಕಡೆ ಮಾಡಿದ ಕೈಸಾಲ ಮುಚ್ಚಿಟ್ಟಿದ್ದ, ಹೊಸ ಕಂತನ್ನೂ ಕಟ್ಟಲಾಗಲಿಲ್ಲ.

ಈಗ ಉಳಿದ ಕಾಲು ಪಾಲು. ಸಾಲದ ಪತ್ರ ಅವರವರದ್ದು, ಹಾಗಾಗಿ ಲೆಕ್ಕವೂ ಅವರವರದ್ದೇ. ಎಲ್ಲರದ್ದೂ ಸೇರಿಸಿ ಒಂದೇ ಒಪ್ಪಂದ ಅಂತ ಯಾರಾದರೂ ಕಾಗದ ತಂದರೆ ಸಹಿ ಹಾಕಬೇಡಿ, ಪಕ್ಕದ ಮನೆಯವರಿಗೆ ಜಾಮೀನೂ ನಿಲ್ಲಬೇಡಿ. ಮೊದಲು ಪ್ರತಿ ಮನೆಯಿಂದಲೂ ನೋಟೀಸಿಗೆ ಬೇರೆಬೇರೆ ಉತ್ತರ ಹೋಗಲಿ. ಕೆಲಸ ಹೋಗಿದ್ದು ಯಾವಾಗ, ಈಗ ಎಷ್ಟು ಕಟ್ಟಬಲ್ಲಿರಿ, ಅವಧಿ ಎಷ್ಟು ವರ್ಷ ಬೆಳೆಸಬೇಕು, ಇಷ್ಟು ಸಾಕು. ನಿಮ್ಮ ಮಾತು ಒಪ್ಪದಿದ್ದರೆ ಯಾಕೆ ಅಂತ 15 ದಿನದೊಳಗೆ ಅವರು ಬರೆದು ತಿಳಿಸಬೇಕು, ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಕ್ಕೆ ತಗೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯಿದೆಯಲ್ಲೇ ಹೀಗಿದೆ. ನಿಮ್ಮ ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಆಮೇಲೆ ಎಲ್ಲರೂ ಸಹಿ ಮಾಡಿ ಒಂದೇ ಪತ್ರದಲ್ಲಿ ಮಾತುಕತೆಗೆ ದಿನ ಕೇಳಿ.

ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಕಂತು ತಪ್ಪಿದ್ದಕ್ಕೆ ಹಾಕಿದ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, 2024ರಿಂದ ಆರ್‌ಬಿಐ ನಿಯಮ ಇದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ, ಆದ ಮೇಲೆ ಒಂದು ಕಂತು ಕಟ್ಟಿದರೆ ಆ ಹಣೆಪಟ್ಟಿ ಹೋಗಲ್ಲ, ಹಿಂದಿನ ಬಾಕಿ ಪೂರ್ತಿ ತೀರಬೇಕು. ಹಾಗಾಗಿ ಮಂಗಳಸೂತ್ರ ಅಡವಿಟ್ಟು ಒಂದು ಕಂತು ಕಟ್ಟುವ ಆತುರ ಬೇಡ, ಮೊದಲು ಮಾತು ಕುದುರಲಿ.

ಮಾತು ಕುದುರದೆ 60 ದಿನ ಮುಗಿದರೆ ಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿಸುತ್ತಾರೆ, ಎರಡು ಪೇಪರಿನಲ್ಲೂ ಹಾಕಿಸುತ್ತಾರೆ. ಅಲ್ಲಿಂದ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು, ಅದು ಬೆಂಗಳೂರಿನಲ್ಲಿ, ಓಡಾಟ ಜಾಸ್ತಿ. ಲಿಲಾವಿನ ಪ್ರಕಟಣೆ ಹೊರಡುವ ಮುಂಚೆ ಪೂರ್ತಿ ಬಾಕಿ ಕಟ್ಟಿದರೆ ಮನೆ ಉಳಿಯುತ್ತೆ. ಆಮೇಲೆ ಆ ಹಕ್ಕೂ ಇರಲ್ಲ. ಅಂಚೆಯಲ್ಲಿ ಬಂದ ನೋಟೀಸು ಬೇಡ ಅಂತ ವಾಪಸ್ ಕಳಿಸುವವರಿದ್ದಾರೆ. ಅದರಿಂದ ಏನೂ ನಿಲ್ಲಲ್ಲ, ಸುಮ್ನೆ ದಿನ ಹೋಗುತ್ತೆ ಅಷ್ಟೇ.

ನೀವು ಗುಂಪು ಕಟ್ಟಿದ್ದು ಗೊತ್ತಾದ ಕೂಡಲೇ ಒಬ್ಬ ಬರುತ್ತಾನೆ, "ಹೆಡ್ ಆಫೀಸಿನಲ್ಲಿ ನಮ್ಮವರಿದ್ದಾರೆ, ಮನೆಗೆ ಐದೈದು ಸಾವಿರ ಕೊಡಿ" ಅಂತ. ಚಹಾ ಕುಡಿಸಿ ಕಳಿಸಿ. ವಕೀಲರು ಬೇಕಾದರೆ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಪುಕ್ಕಟೆ. ರಾಜಿ ಕುದುರಿದರೆ ಲೋಕ ಅದಾಲತ್‌ನಲ್ಲೇ ಬರೆಸಿಕೊಳ್ಳಿ.

ನಿಮ್ಮವರ ಮರ್ಯಾದೆಯ ಮಾತನ್ನು ನಾನು ಹಗುರ ಮಾಡಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ 2009ರಲ್ಲಿ ಮನೆ ಸಾಲದಲ್ಲಿ ಸಿಕ್ಕಿಬಿದ್ದವರು ಒಂದು ವೇದಿಕೆ ಕಟ್ಟಿಕೊಂಡರು. ಸಭೆ ಸೇರಿ ತಮ್ಮ ಕಷ್ಟ ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು, ಬ್ಯಾಂಕಿಗೆ ಒಬ್ಬರಿಗೊಬ್ಬರು ಜೊತೆ ಹೋಗುತ್ತಿದ್ದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಅದಾ ಕೊಲಾವ್ 2015ರಲ್ಲಿ ಅದೇ ಊರಿನ ಮೇಯರ್ ಆದರು. ನಿಮ್ಮವರನ್ನು ಮೊದಲ ದಿನವೇ ಬ್ಯಾಂಕಿಗೆ ಎಳೆಯಬೇಡಿ. ಉಳಿದ ಹದಿಮೂರು ಮನೆಯ ಗಂಡಸರ ಜೊತೆ ಒಂದು ಸಂಜೆ ಕೂರಿಸಿ, ಸಾಕು.

ಪ್ರಶ್ನೆ: ಸಹಕಾರಿ ಬ್ಯಾಂಕಿನವರು ಸರ್ಫೇಸಿ ಕಾಯಿದೆಯಲ್ಲಿ ಮನೆ ಜಪ್ತಿ ಮಾಡೋ ಹಾಗಿಲ್ಲ ಅಂತ ಜನ ಹೇಳ್ತಾರೆ, ನಿಜವಾ?
– ಓದುಗ, ಗದಗ

ಉತ್ತರ: ಇಲ್ಲ, ಮಾಡಬಹುದು. 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನೀವು ಗದಗದವರು ಅಲ್ವಾ, 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದ ಜಿಲ್ಲೆ! ಸಹಕಾರಿ ಬ್ಯಾಂಕಿಗೆ ಸದಸ್ಯರೇ ಮಾಲೀಕರು. ಸರ್ವಸದಸ್ಯರ ಸಭೆಗೆ ಊಟಕ್ಕಷ್ಟೇ ಹೋಗಿ ಬರಬೇಡಿ, ಕಷ್ಟದಲ್ಲಿರುವವರಿಗೆ ಕಂತು ಇಳಿಸುವ ವಿಷಯ ಎತ್ತಿ. ಸುಸ್ತಿದಾರರ ಮಾತು ಕೇಳಲ್ಲ ಅಂದರೆ, ಕಂತು ಸರಿಯಾಗಿ ಕಟ್ಟುವ ನಿಮ್ಮ ನೆರೆಯವರು ಎದ್ದು ನಿಂತು ಕೇಳಲಿ.

ಪ್ರಶ್ನೆ: ರಾತ್ರಿ ಎಂಟೂವರೆಗೆ ವಸೂಲಿ ಏಜೆಂಟನ ಫೋನು. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ಅವರು ಫೋನ್ ಮಾಡುವಂತಿಲ್ಲ. ಮೊದಲು ಬ್ಯಾಂಕಿಗೇ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಿ, ಖರ್ಚಿಲ್ಲ. ಕರೆ ಬಂದ ಹೊತ್ತು ಮೊಬೈಲಿನಲ್ಲೇ ಇರುತ್ತೆ, ಅಳಿಸಬೇಡಿ.