ಒಂದನೇ ಕ್ಲಾಸಿಗೆ ದಿನಕ್ಕೊಂದು ಅಕ್ಷರದಂತೆ ವಾರದ ಪಾಠ ಹಾಕಿಕೊಂಡರೆ ಸಾಕೇ?

ಯಾವ ದಿನಕ್ಕೆ ಯಾವ ಅಕ್ಷರ ಅಂತ ಕೇಳಿ ನೀವು ಹಾಕಿರುವ ಪಟ್ಟಿ ಇದು: ಸೋಮವಾರ ರ, ಮಂಗಳವಾರ ಗ, ಹೀಗೇ ಶುಕ್ರವಾರಕ್ಕೆ ಅ, ಶನಿವಾರ ಬೆಳಗಿನ ಸ್ಕೂಲಲ್ಲಿ ಪುನರಾವರ್ತನೆ. ನಿಮ್ಮ ಈ ಪಟ್ಟಿಯೇ ನನ್ನ ಮೊದಲ ವರ್ಷದ ಪಾಠ ಟಿಪ್ಪಣಿಯಲ್ಲೂ ಇತ್ತು. ನಾನೂ ಆಗ ನಿಮ್ಮ ಹಾಗೆ ಅತಿಥಿ ಶಿಕ್ಷಕಿ. ಒಂದರಿಂದ ಮೂರರವರೆಗೆ ಒಂದೇ ಕೋಣೆ, ಅದರಲ್ಲಿ ಒಂದನೇ ಕ್ಲಾಸಿನವು 14 ಮಕ್ಕಳು.

ಶುಕ್ರವಾರ 14 ಮಕ್ಕಳೂ ಬೋರ್ಡು ನೋಡಿ "ರ ಗ ಸ ದ ಅ" ಅಂತ ಗಟ್ಟಿಯಾಗಿ ಓದಿದವು. ಶನಿವಾರ ಮಿಕ್ಕವನ್ನೆಲ್ಲ ಕೈಯಿಂದ ಮರೆಮಾಡಿ ದ ಒಂದನ್ನೇ ತೋರಿಸಿದೆ. ಮುಂದೆ ಕೂತಿದ್ದ ಹುಡುಗ ಬೆರಳು ಮಡಚುತ್ತಾ ತುಟಿಯಲ್ಲೇ "ರ, ಗ, ಸ" ಅಂದುಕೊಂಡು, ನಾಲ್ಕನೇ ಬೆರಳಿಗೆ "ದ" ಅಂದ. ಏಳು ನಾಲ್ಕಲಿ ಎಷ್ಟೋ ಅಂದರೆ ಏಳೊಂದಲಿ ಏಳರಿಂದ ಶುರು ಮಾಡುತ್ತಾರಲ್ಲ, ಹಾಗೆ. ಸ್ಲೇಟಿನ ಮೇಲೆ "ಸರ" ಅಂತ ಬರೆದುಕೊಟ್ಟೆ. "ರಗ" ಅಂತ ಓದಿದ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಐದು ಅಕ್ಷರವನ್ನೂ ವಾರವಿಡೀ ಒಂದೇ ಸಾಲಿನಲ್ಲಿ, ಒಂದೇ ಕ್ರಮದಲ್ಲಿ ಬರೆದಿದ್ದೆ. ಕೋಲು ಎಡದಿಂದ ಬಲಕ್ಕೆ ಹೋಗುತ್ತಿತ್ತು, ಮಕ್ಕಳು ಕೋರಸ್ಸಿನಲ್ಲಿ ಹೇಳುತ್ತಿದ್ದವು. ಹಾಗಾದಾಗ ಮಗುವಿನ ಕಣ್ಣು ಇರುವುದು ಕೋಲಿನ ಜಾಗದ ಮೇಲೆ. ಅಕ್ಷರದ ಆಕಾರ ನೋಡುವ ಅಗತ್ಯವೇ ಬೀಳುವುದಿಲ್ಲ, ಹಾಡು ಬಂದರೆ ಸಾಕು. ಮೊದಲನೇ ಜಾಗ ರ, ಎರಡನೆಯದು ಗ. ಅದಕ್ಕೇ "ಸರ"ದಲ್ಲಿ ಮೊದಲು ಕಂಡದ್ದು ರ ಆಯಿತು, ಎರಡನೆಯದು ಗ ಆಯಿತು. ಕೋರಸ್ಸಿನಲ್ಲಿ ಇನ್ನೊಂದು ಮೋಸ: ನಾಲ್ಕು ಜನ ಹೇಳಿದರೆ ಉಳಿದ ಹತ್ತು ಜನ ಅರ್ಧ ಕ್ಷಣ ತಡವಾಗಿ ಬಾಯಿ ಸೇರಿಸುತ್ತಾರೆ, ನಮ್ಮ ಕಿವಿಗೆ 14 ಜನ ಹೇಳಿದ ಹಾಗೇ ಕೇಳುತ್ತದೆ.

ಇದರ ಮೇಲೆ ಹತ್ತು ಹತ್ತು ಸಲ ತಿದ್ದಿಸುತ್ತಿದ್ದೆ. ಮೊದಲ ದ ಮಾತ್ರ ಮಗು ನನ್ನದನ್ನು ನೋಡಿ ಬರೆಯುತ್ತದೆ. ಎರಡನೆಯದನ್ನು ತನ್ನ ಮೊದಲನೆಯದನ್ನು ನೋಡಿ, ಮೂರನೆಯದನ್ನು ಎರಡನೆಯದನ್ನು ನೋಡಿ. ಕೆಳಗಿನ ಒಳಮಡಿಕೆ ಸ್ವಲ್ಪ ಸ್ವಲ್ಪವೇ ಸವೆದು ಹತ್ತನೇ ಸಲಕ್ಕೆ ದ ಹೋಗಿ ರ ಆಗಿರುತ್ತದೆ. ಅಂದರೆ ತಪ್ಪನ್ನೇ ಎಂಟು ಸಲ ಅಭ್ಯಾಸ ಮಾಡಿಸಿದ ಹಾಗಾಯಿತು. ಮೂರು ಸಲ ಸಾಕು, ಮೂರೂ ಬೋರ್ಡು ನೋಡಿಯೇ.

ಹಾಗಾಗಿ ಯಾವ ದಿನಕ್ಕೆ ಯಾವ ಅಕ್ಷರ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ಮಕ್ಕಳಿಗೆ ಆಟ, ಕಾರ್ಡುಗಳಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಮೊದಲು ಬರುವುದು ಬರೆಯಲು ಸುಲಭ ಅಂತ ಮಾತ್ರವಲ್ಲ, ಇಷ್ಟರಲ್ಲೇ ಪದ ಕಟ್ಟಬಹುದು ಅಂತ. ದಿನಕ್ಕೊಂದೇ ಕೊಟ್ಟರೆ ಸೋಮವಾರ ಓದಲು ಒಂದು ಪದವೂ ಇರುವುದಿಲ್ಲ.

ಸೋಮವಾರವೇ ರ, ಸ ಎರಡನ್ನೂ ಕೊಡಿ. ಸರ, ರಸ, ಸರಸರ ಸಿಕ್ಕವು. (ಸರ ಅಂದರೆ ಕೊರಳಿನದೋ ಮೇಷ್ಟ್ರೋ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಲಿ.) ಮೊದಲು ಪದವನ್ನು ಬಾಯಲ್ಲಿ ಹೇಳಿ ಒಂದೊಂದು ಅಕ್ಷರಕ್ಕೆ ಒಂದೊಂದು ಚಪ್ಪಾಳೆ, ಆಮೇಲೆ ಕಾರ್ಡು. ಮಂಗಳವಾರ ಗ ಸೇರಿಸಿದರೆ ಗರಗಸ, ಬುಧವಾರ ದ ಸೇರಿಸಿದರೆ ಗದಗ, ದರ. ಗುರುವಾರ ಅ: ಅರಸ. ಅ ಪದದ ಮೊದಲಲ್ಲೇ ಬರುತ್ತದೆ ಅಂತ ಅವತ್ತೇ ತೋರಿಸಿ. ಐದರಲ್ಲಿ ತಲೆಕಟ್ಟಿಲ್ಲದ್ದು ಅದೊಂದೇ ಅನ್ನುವುದನ್ನೂ ಮಕ್ಕಳೇ ಹುಡುಕಲಿ. ತಲೆಕಟ್ಟನ್ನು ಬೇರೆಯಾಗಿ ನೋಡಲು ಬಂದ ಮಗುವಿಗೆ ಮುಂದೆ ರಾ, ರಿ ಬಂದಾಗ ಕಾಗುಣಿತ ತೊಡಕಾಗುವುದಿಲ್ಲ.

ಕಾರ್ಡಿಗೆ ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಒಂದು ಗುಂಪಿಗೆ ರ 2, ಸ 2, ಗ 2, ದ 1, ಅ 1, ಒಟ್ಟು 8. ಮೇಲಿನ ಎಲ್ಲ ಪದಗಳೂ ಇಷ್ಟರಲ್ಲೇ ಆಗುತ್ತವೆ. ಮೂರ್ನಾಲ್ಕು ಮಕ್ಕಳ ನಾಲ್ಕು ಗುಂಪಾದರೆ 32 ಕಾರ್ಡು. ಪ್ರತಿ ಕಾರ್ಡಿನ ಕೆಳ ಅಂಚಿಗೆ ಗೆರೆ ಎಳೆಯಿರಿ, ಇಲ್ಲವಾದರೆ ತಲೆಕೆಳಗಾಗಿ ಇಟ್ಟುಕೊಂಡು ಹೊಸ ಲಿಪಿಯನ್ನೇ ಕಂಡುಹಿಡಿಯುತ್ತವೆ. ಪ್ರತಿ ಸಲವೂ ಕಲಸಿ ಹಾಕಬೇಕು. ಬೋರ್ಡಿನ ಮೇಲೂ ಅಷ್ಟೆ, ಒಂದು ದಿನದ ಕ್ರಮ ಮರುದಿನ ಇರಕೂಡದು.

ಬೆಳಿಗ್ಗೆ ಹಾಲು ಕುಡಿದು ಬಂದ ಮೇಲಿನ ಅರ್ಧ ಗಂಟೆ ಒಂದನೇ ಕ್ಲಾಸಿಗೆ ಮೀಸಲಿಡಿ, ಎರಡು-ಮೂರರವರು ಆಗ ತಮ್ಮ ಕಾರ್ಡಿನಲ್ಲಿರಲಿ. ಮಧ್ಯಾಹ್ನ ಬಿಸಿಯೂಟದ ನಂತರ ಹೊಸ ಅಕ್ಷರ ಬೇಡ, ತೂಕಡಿಸುತ್ತವೆ. ಆ ಹೊತ್ತಿಗೆ ಮೂರನೇ ಕ್ಲಾಸಿನವರಲ್ಲಿ ಒಬ್ಬೊಬ್ಬರನ್ನು ಗುಂಪಿಗೆ ಕೂರಿಸಿ ಪದ ಕಟ್ಟಿಸಿ. ಅವರಿಗೆ ಉತ್ತರ ಹೇಳಿಬಿಡುವ ಚಪಲ ಜಾಸ್ತಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಆಮೇಲೆ ಬಾಯಿಬಿಡು ಅಂತ ಮೊದಲೇ ಹೇಳಿಡಿ.

ಶುಕ್ರವಾರ ಉಕ್ತಲೇಖನ, ಐದು ಪದ. ಶನಿವಾರ ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು, ಬೇರೆಯವರಿಗೆ ಕೇಳಿಸದ ಹಾಗೆ ಐದು ಪದ ಓದಿಸಿ. ತಲೆಗೆ ಎರಡು ನಿಮಿಷ, 14 ಮಕ್ಕಳಿಗೆ ಅರ್ಧ ಗಂಟೆ. ನಾಲ್ಕು ಓದಿದವರು ಸೋಮವಾರ ಜ ವ ಮ ಬ ನ ಕಡೆಗೆ ಹೋಗಲಿ. ಉಳಿದವರು ಹಳೇ ಐದರಲ್ಲೇ ಇರಲಿ, ನಲಿ-ಕಲಿಯ ಕಲಿಕೆಯ ಏಣಿಯಲ್ಲಿ ಎಲ್ಲರೂ ಒಂದೇ ಮೆಟ್ಟಿಲಲ್ಲಿ ನಿಲ್ಲಬೇಕಾಗಿಲ್ಲ. ನಾನು ಆ ವರ್ಷ "ಪಾಠ ಹಿಂದೆ ಬೀಳುತ್ತದೆ" ಅಂತ 14 ಜನರನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಿದೆ. ದಸರಾ ರಜೆ ಮುಗಿಸಿ ಬಂದಾಗ ಒಂಬತ್ತು ಜನರಿಗೆ ಮತ್ತೆ ಮೊದಲ ಕಾರ್ಡಿನಿಂದಲೇ ಶುರು ಮಾಡಬೇಕಾಯಿತು.