ಮೂರು ಅಂಗಡಿಯ ಲೆಕ್ಕಕ್ಕೆ ಸರ್ವರ್ ಬೇಡ

ಹಾಸನ, ಬೇಲೂರು, ಸಕಲೇಶಪುರದ ನಿಮ್ಮ ಮೂರೂ ಕಾಫಿಪುಡಿ ಅಂಗಡಿಗಳ ಬಿಲ್ ಬೇರೆ ಬೇರೆ ಎಕ್ಸೆಲ್‌ನಲ್ಲಿದೆ, ಸರ್ವರ್ ಕೊಳ್ಳಲೋ ಕ್ಲೌಡ್ ಡೇಟಾ ವೇರ್‌ಹೌಸ್‌ಗೆ (ಇಂಟರ್ನೆಟ್ ಮೂಲಕ ಬಳಸುವ, ಎಲ್ಲ ಲೆಕ್ಕವನ್ನೂ ಒಂದೇ ಕಡೆ ಇಡುವ ಉಗ್ರಾಣ) ಹೋಗಲೋ ಅಂತ ಕೇಳಿದ್ದೀರಿ. ಕ್ಲೌಡ್‌ಗೇ ಹೋಗಿ.

ನಾನು ಚಿಕ್ಕಮಗಳೂರಿನವನು, ನಮ್ಮ ಕಡೆ ಮಳೆಗಾಲದ ಕರೆಂಟ್ ಕಥೆ ನಿಮಗೂ ಗೊತ್ತು ಅಲ್ವಾ? ಸರ್ವರ್ ತಂದರೆ ಯುಪಿಎಸ್, ಬ್ಯಾಕಪ್, ಕೆಟ್ಟ ಡಿಸ್ಕ್ ಎಲ್ಲ ನಿಮ್ಮ ತಲೆ ಮೇಲೆ.

ಇಂಥದ್ದೇ ಒಂದು ವೇರ್‌ಹೌಸ್ ಆದ ಗೂಗಲ್‌ನ ಬಿಗ್‌ಕ್ವೆರಿಯಿಂದ ಶುರು ಮಾಡಿ. ತಿಂಗಳಿಗೆ 10 ಜಿಬಿ ಜಾಗ, 1 ಟಿಬಿ ಡೇಟಾ ಓದುವಷ್ಟು ಕ್ವೆರಿ (ಡೇಟಾಕ್ಕೆ ಕೇಳುವ ಪ್ರಶ್ನೆ) ಉಚಿತ. ಮೂರು ಅಂಗಡಿಯ ಬಿಲ್‌ಗೆ ಧಾರಾಳವಾಯ್ತು. ಡೇಟಾಸೆಟ್ (ಟೇಬಲ್‌ಗಳನ್ನು ಇಡುವ ಗುಂಪು) ಮಾಡುವಾಗಲೇ ಡೇಟಾ ಇರುವ ಜಾಗವಾಗಿ ಮುಂಬೈ ರೀಜನ್ ಆರಿಸಿ, ಆಮೇಲೆ ಬದಲಿಸಲು ಆಗುವುದಿಲ್ಲ. ಎಷ್ಟು ಡೇಟಾ ಓದಿತು ಅನ್ನುವುದರ ಮೇಲೆ ಕ್ವೆರಿಯ ಲೆಕ್ಕ. ಹಾಗಾಗಿ ಸುಮ್ನೆ ‘ಸೆಲೆಕ್ಟ್ ಸ್ಟಾರ್’ (ಎಲ್ಲ ಕಾಲಂ ಕೊಡು) ಅಂತ ಬರೆಯಬೇಡಿ, ಬೇಕಾದ ಕಾಲಂ ಮಾತ್ರ ಕೇಳಿ. ಕೊನೆಯಲ್ಲಿ ‘ಲಿಮಿಟ್ 10’ (ಹತ್ತೇ ಸಾಲು ತೋರಿಸು) ಅಂತ ಹಾಕಿದರೂ ಸಾಮಾನ್ಯವಾಗಿ ಖರ್ಚು ಇಳಿಯುವುದಿಲ್ಲ.

ಇದಕ್ಕಿಂತ ಜಾಸ್ತಿ ಮುಖ್ಯವಾದದ್ದು ಸರಕಿನ ಹೆಸರು. ಒಂದೇ ಪೀಬೆರಿ (ದುಂಡು ಬೀಜದ ಕಾಫಿ) ಪುಡಿ ಬೇಲೂರಿನಲ್ಲಿ ‘ಪೀಬೆರಿ 500’, ಸಕಲೇಶಪುರದಲ್ಲಿ ‘ಪಿಬಿ ಅರ್ಧ ಕೆಜಿ’, ಹಾಸನದಲ್ಲಿ ಬರೀ ‘ಪಿಬಿ’ ಅಂತಿದ್ದರೆ ಎಂಥ ವೇರ್‌ಹೌಸ್‌ಗೂ ಅವು ಮೂರು ಬೇರೆ ಸರಕು. ಚಿಕೋರಿ ಬೆರೆಸಿದ್ದು, ಬೆರೆಸದ್ದು ಕೂಡ ಹೀಗೇ ಕಲಸಿಹೋಗುತ್ತದೆ. ಮೊದಲು ಒಂದು ವಾರ ಕೂತು ಮೂರೂ ಕಡೆ ಒಂದೇ ಐಟಂ ಕೋಡ್ ತನ್ನಿ. ಅಷ್ಟಾದ ಮೇಲೆ ಶೀಟ್‌ಗಳನ್ನು ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸರಳ ಫೈಲ್) ಮಾಡಿ ಹಾಕಿದರೆ, ಯಾವ ಪುಡಿ ಎಲ್ಲಿ ಎಷ್ಟು ಹೋಯಿತು ಅನ್ನುವುದು ಒಂದೇ ಕ್ವೆರಿಯಲ್ಲಿ ಸಿಗುತ್ತದೆ.

ಕಾರ್ಡ್ ಕೊಡದೆ ಬಿಗ್‌ಕ್ವೆರಿಯ ಸ್ಯಾಂಡ್‌ಬಾಕ್ಸ್‌ನಲ್ಲೂ (ಪ್ರಯೋಗ ಮಾಡಿ ನೋಡುವ ಉಚಿತ ಜಾಗ) ನೋಡಬಹುದು. ಆದರೆ ಅಲ್ಲಿ ಟೇಬಲ್‌ಗಳು 60 ದಿನಕ್ಕೆ ಅಳಿದುಹೋಗುತ್ತವೆ. ಮೂಲ ಶೀಟ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿರಿ.